ಬೆಲ್ ಬಾಟಮ್ ಪ್ಯಾಟರ್ನಿನ ಬೆನ್ನಿಗೆ ಬರೆದ ಕಥೆ

ಮೊದಲೇ ಹೇಳಿಬಿಡುತ್ತೇನೆ, ಅವತ್ತು ನಡೆದದ್ದರಲ್ಲಿ ಅರ್ಧ ನನಗೆ ಖಾತ್ರಿಯಿಲ್ಲ. ಕಟಿಂಗ್ ಮಾಸ್ಟರನ್ನು ನಾನೂ ಹೊಡೆದೆನೋ, ಬಾಗಿಲ ಬಳಿ ನಿಂತು ನೋಡಿದೆನೋ... ಎರಡೂ ನೆನಪುಗಳು ನನ್ನಲ್ಲಿವೆ. ಎರಡರಲ್ಲೂ ಬೆಳಕು, ಸದ್ದು, ಬೆವರು ಎಲ್ಲ ಸರಿಯಾಗಿಯೇ ಇವೆ.

ಹೋದ ತಿಂಗಳು ಸಿರುಗುಪ್ಪದ ಮನೆಯಲ್ಲಿ ಹೊಸ ಜೀನ್ಸೊಂದನ್ನು ಬಕೆಟ್ಟಿನಲ್ಲಿ ನೆನೆಹಾಕಿ ಮರೆತಿದ್ದೆ. ಸಂಜೆ ಕೈ ಅದ್ದಿದಾಗ ನೀಲಿ ಬಿಟ್ಟ ನೀರಿನ ವಾಸನೆ ಮೂಗಿಗೆ ಬಡಿಯಿತು. ಗಂಜಿ, ಬಣ್ಣ, ಸ್ವಲ್ಪ ಸೀಮೆಎಣ್ಣೆಯಂಥದ್ದು. ಬಳ್ಳಾರಿಯ ಆ ಗಲ್ಲಿಯ ವಾಸನೆ ಅದು. ಕೈ ಮೇಲೆತ್ತಿದರೆ ಬೆರಳೆಲ್ಲ ನೀಲಿ. ಹಿತ್ತಲಲ್ಲೇ ಕೂತುಬಿಟ್ಟೆ.

ಎಂ.ಎ. ಓದುವಾಗ ನಾನು ಬಳ್ಳಾರಿಯಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಮಾವನದು ಜೀನ್ಸ್ ಹೊಲಿಯುವ ಯೂನಿಟ್ಟು. ಮೇಲೆ ಮನೆ, ಕೆಳಗೆ ಹನ್ನೆರಡು ಮಷಿನ್ನು. ಮಾವ ಕೆಲಸಗಾರರಿಗೆ ಬಾಯಿಂದ ಹೇಳುವುದಕ್ಕಿಂತ ಕೈಯಿಂದ ಹೇಳುವುದೇ ಹೆಚ್ಚಾಗಿತ್ತು. ಜಿಪ್ಪು ಸೊಟ್ಟಗೆ ಹಚ್ಚಿದವನ ಮುಖಕ್ಕೆ ಅದೇ ಜಿಪ್ಪಿನಿಂದ ಬೀಸಿದ್ದನ್ನು ನಾನು ಬಂದ ಮೊದಲ ವಾರವೇ ನೋಡಿದೆ. ಅವನ ತುಟಿ ಸೀಳಿತು. ಯಾರೂ ತಲೆ ಎತ್ತಲಿಲ್ಲ, ಒಂದು ಮಷಿನ್ನೂ ನಿಲ್ಲಲಿಲ್ಲ.

ಮಾವ ಕೈ ಮಾಡದೆ ಬಿಟ್ಟದ್ದು ಒಬ್ಬರನ್ನು ಮಾತ್ರ, ಕಟಿಂಗ್ ಮಾಸ್ಟರನ್ನು. ಬಟ್ಟೆಯನ್ನು ನಲವತ್ತು ಪದರ ಹಾಸಿ, ಮೇಲೆ ಖಾಕಿ ಕಾಗದದ ಪ್ಯಾಟರ್ನ್ ಇಟ್ಟು ಗೆರೆ ಎಳೆದು, ಕರೆಂಟಿನ ಕಟಿಂಗ್ ಮಷಿನ್ನಿನಿಂದ ಒಂದೇ ಸಲಕ್ಕೆ ಕತ್ತರಿಸುವ ಕೆಲಸ ಅವರದು. ಕೈ ಒಂದು ನೂಲು ಜಾರಿದರೆ ನಲವತ್ತು ಪ್ಯಾಂಟು ಹಾಳು. ಅವರ ಕೈ ಜಾರುತ್ತಿರಲಿಲ್ಲ.

ಅವರು ಕುರುಗೋಡಿನವರು. ಮೂವತ್ತೈದರ ಆಸುಪಾಸು, ಮದುವೆ ಆಗಿರಲಿಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟವರು, ಆದರೆ ಮಿರ್ಚಿ ಕಟ್ಟಿಕೊಟ್ಟ ಪೇಪರನ್ನೂ ಬಿಡಿಸಿ ಓದುತ್ತಿದ್ದರು. ನಾನು ಆಗ ಫೋನಿನಲ್ಲಿ ಇಂಗ್ಲಿಷಿನ ವಿಜ್ಞಾನ ಕಥೆಗಳನ್ನು ಓದುತ್ತಿದ್ದೆ. ಅವುಗಳಲ್ಲಿ ಕೆಲವು, ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸುವ ಕಥೆಗಳು. ಆ ದೂರದ ಗ್ರಹಗಳಲ್ಲಿ ಅದು ಯಾರಿಗೂ ಸುದ್ದಿಯೇ ಅಲ್ಲ. ಒಂದು ದಿನ ಊಟದ ಹೊತ್ತಿನಲ್ಲಿ ಅಂಥದೊಂದನ್ನು ಕನ್ನಡದಲ್ಲಿ ಹೇಳಿದೆ, ಅವರ ಮುಖವನ್ನೇ ನೋಡುತ್ತ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

“ಇಂಥವು ಬರೀತಾರೇನು?”

“ಬರೀತಾರ್ರಿ ಮಾಸ್ಟ್ರೇ.”

“ಬರದು ಉಳೀತಾರೇನು?”

ನಾನು ನಕ್ಕೆ. ಅವರು ನಗಲಿಲ್ಲ.

ಅದಾದ ಮೇಲೆ ದಿನಾ ಒಂದು ಕಥೆ ಕೇಳತೊಡಗಿದರು. ಒಂದೆರಡು ತಿಂಗಳು ಕಳೆದಿರಬೇಕು, ನನ್ನನ್ನು ಹಿಂದಿನ ಕೋಣೆಗೆ ಕರೆದೊಯ್ದರು. ಗೋಡೆಯ ತುಂಬ ಕೊಂಡಿಗಳು, ಕೊಂಡಿಗೊಂದು ಪ್ಯಾಟರ್ನಿನ ಕಟ್ಟು. ಕೊನೆಯ ಕೊಂಡಿಯಲ್ಲಿ ಬೆಲ್ ಬಾಟಮ್ ಪ್ಯಾಂಟಿನದು, ನಮ್ಮ ತಾತನ ಕಾಲದ್ದು, ಧೂಳು ಕುಡಿದು ದಪ್ಪಗಾಗಿತ್ತು. “ಸತ್ತ ಫ್ಯಾಶನ್ನು. ಇದನ್ನ ಇನ್ನ ಯಾವನೂ ಮುಟ್ಟಂಗಿಲ್ಲ,” ಅಂದು ಕಾಗದ ತಿರುಗಿಸಿದರು. ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಸಣ್ಣ ಅಕ್ಷರಗಳು. ಇಪ್ಪತ್ತೆಂಟರ ಸೈಜಿಗೆ ಒಂದು ಅಧ್ಯಾಯ, ಮೂವತ್ತಕ್ಕೆ ಒಂದು, ಹೀಗೆ ಮೂವತ್ತಾರರವರೆಗೆ ಐದು.

ಅವರು ಬರೆದ ಕಥೆಯಲ್ಲಿ ಮಂಗಳ ಗ್ರಹದ ಮೇಲೆ ಅದಿರು ತೆಗೆಯುತ್ತಾರೆ. ಮಣ್ಣು ಸಂಡೂರಿನ ಮಣ್ಣಿನಂತೆಯೇ ಕೆಂಪು. ಅಲ್ಲಿ ಇಬ್ಬರು ಲಾರಿ ಡ್ರೈವರುಗಳು, ಇಬ್ಬರೂ ಗಂಡಸರು, ಒಬ್ಬರನ್ನೊಬ್ಬರು ಬಿಟ್ಟಿರಲಾರರು. ಕಂಟ್ರಾಕ್ಟರನ ಜನ ಅವರನ್ನು ಬೆನ್ನಟ್ಟುತ್ತಾರೆ, ಬಿರುಗಾಳಿಗೆ ಅವರ ಲಾರಿ ಉರುಳುತ್ತದೆ. ಒಬ್ಬನನ್ನು ಲಾರಿಯ ಹಿಂದೆ ಸರಪಳಿಗೆ ಕಟ್ಟಿ ಎಳೆಯುವ ಭಾಗವನ್ನು ಓದಿ ನಾನು ಕಾಗದ ಕೆಳಗಿಟ್ಟಿದ್ದೆ. ಕೊನೆಯಲ್ಲಿ ಅವನ ಉಸಿರಾಟದ ಉಡುಪು ಹರಿದುಹೋಗುತ್ತದೆ, ಗಾಳಿ ಸೋರುತ್ತದೆ. ಇನ್ನೊಬ್ಬ ತನ್ನ ಉಡುಪನ್ನೇ ಕತ್ತರಿಸಿ ಅವನದಕ್ಕೆ ಜೋಡಿಸಿ ಹೊಲಿಯುತ್ತಾನೆ. ನಾಲ್ಕು ಕಾಲು, ಎರಡು ತಲೆ, ಒಂದೇ ಗಾಳಿ. ಆ ಉಡುಪಿನ ಚಿತ್ರವನ್ನೂ ಬರೆದು ಅಳತೆ ಹಾಕಿದ್ದರು, ನಾಳೆಯೇ ಬಟ್ಟೆ ಹಾಸಿ ಕತ್ತರಿಸಬೇಕು ಅನ್ನುವ ಹಾಗೆ.

“ಮಂಗಳನ ಮ್ಯಾಲೆ ಗಾಳಿ ಭಾಳ ತೆಳು ಐತ್ರಿ ಮಾಸ್ಟ್ರೇ. ಅದರ ಬಿರುಗಾಳಿಗೆ ಲಾರಿ ಉರುಳಂಗಿಲ್ಲ,” ಅಂದೆ.

“ನೀ ಹೋಗಿ ಬಂದೀಯೇನಲೇ, ಯೂನಿವರ್ಸಿಟಿ?”

ವಾದ ಮಾಡುತ್ತಲೇ ಅಳತೆಗಳನ್ನು ಓದಿದೆ. ಒಬ್ಬನ ಸೊಂಟ ಮೂವತ್ನಾಲ್ಕು. ಇನ್ನೊಬ್ಬನದು ಮೂವತ್ತು, ಎಡ ಭುಜ ಬಲಕ್ಕಿಂತ ಅರ್ಧ ಇಂಚು ಕೆಳಗೆ. ದೀಪಾವಳಿಗೆಂದು ಅವರು ನನಗೊಂದು ಜಾಕೆಟ್ ಹೊಲಿದುಕೊಟ್ಟಿದ್ದರು. ಅಳತೆ ತೆಗೆಯುವಾಗ, “ನಿನ್ನ ಎಡ ಭುಜ ಅರ್ಧ ಇಂಚು ಕೆಳಗ ಐತಿ ನೋಡು, ಪುಸ್ತಕದ ಚೀಲ ಹೊತ್ತು ಹೊತ್ತು,” ಅಂದಿದ್ದರು. ಟೇಪು ತೆಗೆದ ಮೇಲೂ ಅವರ ಕೈ ಅಲ್ಲೇ ಇತ್ತು. ನಾನೂ ಸರಿಯಲಿಲ್ಲ. ಇದೊಂದರಲ್ಲಿ ನನಗೆ ಅನುಮಾನವಿಲ್ಲ.

“ಈ ಅಳತಿ ಅಳಿಸ್ರಿ,” ಅಂದೆ.

“ಯಾರಿಗೆ ತಿಳೀತೈತಿ?”

“ನನಗ ತಿಳೀತಲ್ರಿ.”

ಅವರು ಅಳಿಸಲಿಲ್ಲ. ನಾನು ಹಿಂದಿನ ಕೋಣೆಗೆ ಹೋಗುವುದನ್ನು ಬಿಟ್ಟೆ. ಅವರು ಕಣ್ಣಿಗೆ ಬಿದ್ದರೆ ಸಿಟ್ಟು ಬರುತ್ತಿತ್ತು, ಬೀಳದಿದ್ದರೆ ಇನ್ನೂ ಹೆಚ್ಚು ಬರುತ್ತಿತ್ತು.

ಅಗಲ ಕಾಲಿನ ಪ್ಯಾಂಟು ಮತ್ತೆ ಫ್ಯಾಶನ್ ಆದದ್ದು ಆ ವರ್ಷವೇ. ಸತ್ತ ಫ್ಯಾಶನ್ನು ಏಳುವುದಿಲ್ಲ ಎಂದು ನಂಬಿದವರು, ಇಡೀ ಬಳ್ಳಾರಿಯಲ್ಲಿ ಹುಡುಕಿದರೂ, ಜೀನ್ಸ್ ಕತ್ತರಿಸುವ ಆ ಮನುಷ್ಯ ಒಬ್ಬರೇ ಇರಬೇಕು. ಅವರು ತಂಗಿಯ ಮಗುವಿನ ಜವಳ ಎಂದು ಕುರುಗೋಡಿಗೆ ಹೋಗಿದ್ದ ದಿನ ವ್ಯಾಪಾರಿಯೊಬ್ಬನ ಫೋನು ಬಂತು.

“ಏ ಅಳಿಯಾ, ಬೆಲ್ ಬಾಟಮ್ ಮತ್ತ ಬಂದಾವಂತ. ನಿಮ್ಮ ತಾತಂದು ಪ್ಯಾಟರ್ನ್ ಎಲ್ಲೈತೋ ಏನೋ,” ಅಂದ ಮಾವ.

ಗೊತ್ತಿಲ್ಲ ಅನ್ನಬಹುದಿತ್ತು. ಇಲಿ ಕಡಿದಿವೆ ಅನ್ನಬಹುದಿತ್ತು. ನಾನು ಒಳಗೆ ಹೋಗಿ, ಕೊನೆಯ ಕೊಂಡಿಯಿಂದ ಕಟ್ಟು ಇಳಿಸಿ, ತಂದು ಟೇಬಲ್ ಮೇಲೆ ಇಟ್ಟೆ. ಬರಹ ಕೆಳಗೆ ಬರುವಂತೆ ಇಟ್ಟೆ ಅಂತಲೇ ಬಹಳ ದಿನ ನೆನಪಿತ್ತು. ಈಗೀಗ ಬೇರೆ ಥರ ಕಾಣುತ್ತದೆ...

ಪ್ಯಾಂಟಿಗೆ ಸೊಂಟದ ಪಟ್ಟಿ ಹಚ್ಚುವ ಟೇಲರೊಬ್ಬ ಅದನ್ನು ಎತ್ತಿಕೊಂಡು ಜೋರಾಗಿ ಓದಿದ. ಮಾಸ್ಟರ ಅಕ್ಷರ ಎಲ್ಲರಿಗೂ ಗೊತ್ತಿತ್ತು, ಮೊದಲು ಎಲ್ಲ ನಕ್ಕರು. ಕಥೆಯಲ್ಲಿ ಪ್ರೀತಿಸುವ ಇಬ್ಬರೂ ಗಂಡಸರು ಎಂದು ತಿಳಿದಾಗ ಇನ್ನೂ ನಕ್ಕರು. ಕೊನೆಯ ಕಾಗದ ಬಂತು.

“ಮೂವತ್ನಾಲ್ಕು ಮಾಸ್ಟರಂದ. ಈ ಮೂವತ್ತರ ಸೊಂಟ ಯಾರದಲೇ?”

ಚೇಷ್ಟೆಗೆಂದೇ ಟೇಪು ಹೊರಟಿತು. ಒಬ್ಬೊಬ್ಬನ ಸೊಂಟ ಅಳೆದರು. “ಇವನ ಹೊಟ್ಟಿ ಹಿಡಿಯಾಕ ಎರಡು ಟೇಪು ಬೇಕಲೇ.” “ಉಸುರು ಬಿಡು ಮಗನ, ಹಿಡಕೋಬ್ಯಾಡ.” ಇಬ್ಬರು ಮೂವತ್ತರವರು ಸಿಕ್ಕರು. ಅವರ ಭುಜ ಅಳೆಯುವಾಗ ನಗೆ ನಿಂತಿತ್ತು. ಒಬ್ಬ ತನ್ನ ಭುಜ ಮುಟ್ಟಿದವನ ಎದೆಗೆ ಗುದ್ದಿದ. ಆಮೇಲೆ ಟೇಪು ನನ್ನ ಸೊಂಟಕ್ಕೆ ಬಂತು. “ಇವಂದೂ ಮೂವತ್ತು,” ಅಂತ ಯಾರೋ ಅಂದರು. ಮಾವ ನನ್ನನ್ನು ನೋಡಿದ. ಟೇಪು ಭುಜಕ್ಕೆ ಏರುವ ಮೊದಲು ಮಾಸ್ಟರು ಒಳಗೆ ಬಂದರು. ಕೈಯಲ್ಲಿ ಜವಳದ ಸಿಹಿಯ ಡಬ್ಬಿಯಿತ್ತು.

ಟೇಬಲ್ ಮೇಲಿನ ಕಾಗದ, ನನ್ನ ಸೊಂಟದ ಟೇಪು, ಎರಡನ್ನೂ ನೋಡಿದರು.

“ಅವನ್ನ ಬಿಡ್ರಿ. ಆ ಮೂವತ್ತರ ಅಳತಿನೂ ನಂದ. ಇಪ್ಪತ್ತು ವರ್ಷದವ ಇದ್ದಾಗಿಂದು,” ಅಂದರು.

ಯಾರೂ ನಂಬಲಿಲ್ಲ. ಆದರೆ ಹೊಡೆಯಲು ಅಷ್ಟು ಸಾಕಾಗಿತ್ತು. ಡಬ್ಬಿ ಮೊದಲು ಹಾರಿತು. ಮಾವ ಕಬ್ಬಿಣದ ಸ್ಕೇಲಿನಿಂದ ಬೆನ್ನಿಗೆ, ಕಿವಿಗೆ, ಕತ್ತಿಗೆ ಬಾರಿಸಿದ. ಕೆಳಗೆ ಬಿದ್ದ ಮಾಸ್ಟರನ್ನು ಟೇಲರುಗಳು ಒದ್ದರು. ಮೂವತ್ತರ ಸೊಂಟದ ಆ ಇಬ್ಬರು ಎಲ್ಲರಿಗಿಂತ ಹೆಚ್ಚು ಒದ್ದರು. ಹಲ್ಲೊಂದು ಮಷಿನ್ನಿನ ಪೆಡಲ್ ಕೆಳಗೆ ಉರುಳಿತು. ಮಾವ ಸ್ಕೇಲನ್ನು ನನ್ನ ಕೈಗೆ ಕೊಟ್ಟು, “ನೀನೂ ಹಾಕು ಒಂದು. ನೋಡೂಣು,” ಅಂದ. ಇಲ್ಲಿ ನೆನಪು ಒಡೆಯುತ್ತದೆ. ಒಂದರಲ್ಲಿ ಸ್ಕೇಲು ನನ್ನ ಕೈಯಿಂದ ಜಾರಿ ಬೀಳುತ್ತದೆ, ನಾನು ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಇನ್ನೊಂದರಲ್ಲಿ ಅವರು ತಲೆ ಎತ್ತಿ ನನ್ನನ್ನು ನೋಡುತ್ತಾರೆ, ಹ್ಞೂಂ ಎನ್ನುವಂತೆ ಕಣ್ಣು ಮುಚ್ಚಿಕೊಳ್ಳುತ್ತಾರೆ...

“ಯಾವ ಕೈಲೆ ಬರದದ್ದು?” ಅಂತ ಮಾವ ಕೇಳಿದ್ದು ಮಾತ್ರ ಎರಡರಲ್ಲೂ ಇದೆ. ಇಬ್ಬರು ಅವರ ಬಲಗೈಯನ್ನು ಟೇಬಲ್ಲಿಗೆ ಒತ್ತಿ ಹಿಡಿದರು. ಕಟಿಂಗ್ ಮಷಿನ್ನು ಶುರುವಾಯಿತು. ನಲವತ್ತು ಪದರ ಡೆನಿಮ್ ಕತ್ತರಿಸುವಾಗ ಅದರ ಸದ್ದು ಭಾರವಾಗಿರುತ್ತದೆ. ಎರಡು ಬೆರಳಿಗೆ ಸದ್ದು ಬದಲಾಗಲೇ ಇಲ್ಲ.

ಆಮೇಲಿನದು ನನಗೆ ಸ್ಪಷ್ಟವಾಗಿತ್ತು. ಪ್ಯಾಂಟಿನ ಜೇಬಿಗೆ ಹಾಕುವ ಬಿಳಿ ಬಟ್ಟೆಯನ್ನು ಅವರ ಕೈಗೆ ಸುತ್ತಿ ನಾನೇ ಆಟೋಗೆ ಹತ್ತಿಸಿದೆ. ಅವರ ಮೊಣಕೈ ಎತ್ತಿ ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ಆಟೋದವನು ಸೀಟಿನ ಮೇಲೆ ರಕ್ತ ಆಗದಂತೆ ಪೇಪರ್ ಹಾಸಿಕೊಳ್ಳಿ ಅಂದ. ಬೇರೆ ಏನು ಮಾಡಿರಲಿ, ಬಿಟ್ಟಿರಲಿ, ಆಸ್ಪತ್ರೆಗಂತೂ ಕರೆದೊಯ್ದೆ. ಇಷ್ಟು ವರ್ಷ ಈ ಒಂದು ಆಟೋದ ಮೇಲೆಯೇ ನಾನು ಬದುಕಿಕೊಂಡು ಬಂದಿದ್ದೇನೆ.

ಕಾಗದಗಳನ್ನು ಮಾವ ಚಿಂದಿಯ ಜೊತೆ ಗಲ್ಲಿಯಲ್ಲಿ ಸುಟ್ಟ. ಕತ್ತರಿಸುವವರಿಲ್ಲದೆ ಬೆಲ್ ಬಾಟಮ್ ಆರ್ಡರು ಬೇರೆಯವರಿಗೆ ಹೋಯಿತು. ಪೊಲೀಸರು ಬರಲಿಲ್ಲ. ನಾನು ಪರೀಕ್ಷೆ ಮುಗಿಸಿ ಸಿರುಗುಪ್ಪಕ್ಕೆ ಹಿಂದಿರುಗಿದೆ, ಅವರನ್ನು ಹುಡುಕಲಿಲ್ಲ.

ಬಕೆಟ್ಟಿನ ನೀರು ಚೆಲ್ಲಿದ ಮರುದಿನ ಕುರುಗೋಡಿನ ಬಸ್ಸು ಹತ್ತಿದೆ. ಕೇಳುತ್ತ ಹೋದರೆ ಮನೆ ಸಿಕ್ಕಿತು. ಅವರ ತಂಗಿ ಮನೆ ಮುಂದೆ ಮೆಣಸಿನಕಾಯಿ ಹರಡುತ್ತಿದ್ದರು. ಯೂನಿಟ್ಟಿನಲ್ಲಿ ಪರಿಚಯ ಅಂತಷ್ಟೇ ಹೇಳಿದೆ.

“ಅಣ್ಣ ಹೋದ ಬ್ಯಾಸಿಗ್ಯಾಗ ತೀರಿಕೊಂಡ್ರಿ. ಕಾಮಾಲೆ ಆಗಿತ್ತು,” ಅಂದರು.

ಏನಾದರೂ ಬರೆಯುತ್ತಿದ್ದರಾ ಎಂದು ಕೇಳಿದೆ.

“ಬರಿಯಾಕ ಬೆರಳೆಲ್ಲಿದ್ವು? ಮಕ್ಕಳಿಗೆ ಕತಿ ಹೇಳ್ತಿದ್ದ. ಮಂಗಳನ ಮ್ಯಾಲೆ ಲಾರಿ ಹೊಡಿಯಾದು. ಒಬ್ಬನ ಒಬ್ಬ ಡ್ರೈವರು ಪಾಪ, ದಿನಾ ಹೋಗ್ತಾನ, ದಿನಾ ಬರ್ತಾನ.”

ನೆರಳಿಗೆ ಸರಿದು ಕೂತೆ. ಬೆರಳು ಹೋದ ದಿನದ ಬಗ್ಗೆ ಮಾಸ್ಟರು ಏನು ಹೇಳಿದ್ದರು ಅಂದೆ. ಮಷಿನ್ನಿಗೆ ತಾನೇ ಕೈ ಕೊಟ್ಟುಕೊಂಡೆ ಎಂದಷ್ಟೇ ಹೇಳಿದ್ದರಂತೆ, ಡಾಕ್ಟರಿಗೂ ಅಷ್ಟೇ.

“ಆಸ್ಪತ್ರಿಗೆ ಕರಕೊಂಡು ಹೋದವರು?”

“ಯಾರು ಹೋಗ್ತಾರ್ರಿ? ಒಬ್ಬನ ಹೋಗಿದ್ದ.”

ನೀವು ಸರಿಯಾಗಿ ಕೇಳಿಸಿಕೊಂಡಿರಲಿಕ್ಕಿಲ್ಲ ಅಂದೆ. ವಾದ ಮಾಡುವ ಚಾಳಿ ನನ್ನದು. ತಂಗಿ ಒಳಗೆ ಹೋಗಿ, ಅಂಗವಿಕಲರ ಪಿಂಚಣಿಗೆಂದು ಆಸ್ಪತ್ರೆಯಿಂದ ತೆಗೆಸಿದ್ದ ಗಾಯದ ಪ್ರಮಾಣಪತ್ರವನ್ನು ತಂದುಕೊಟ್ಟರು. ದಿನಾಂಕ ಅದೇ. ಬಲಗೈ, ಎರಡು ಬೆರಳು. ಗಾಯಾಳುವನ್ನು ಕರೆತಂದವರು ಯಾರು ಎಂಬ ಸಾಲಿನ ಮುಂದೆ ಡ್ಯೂಟಿ ಡಾಕ್ಟರು ನೀಲಿ ಶಾಯಿಯಲ್ಲಿ ಬರೆದಿದ್ದರು: ಯಾರೂ ಇಲ್ಲ, ಒಬ್ಬನೇ ನಡೆದು ಬಂದಿದ್ದಾನೆ.