ಮೋಟರ್ ಮುಚ್ಚಳದ ಒಳಗಿನ ಬರಹ

ವಾರ್ನಿಶ್ ವಾಸನೆಗೆ ಕೆಲವರಿಗೆ ತಲೆನೋವು ಬರುತ್ತದೆ. ನನಗೆ ಪಾವಗಡದ ನಮ್ಮ ಬೀದಿ ಕಣ್ಣ ಮುಂದೆ ಬರುತ್ತದೆ. ಹೋದ ವಾರ ನಮ್ಮ ಫ್ಲೋರ್ ಮಿಲ್ಲಿನ ಮೋಟರ್ ಸುಟ್ಟುಹೋಯಿತು. ಪಾವಗಡದಲ್ಲಿ ಮಿಲ್ಲು ನೋಡಿಕೊಳ್ಳುತ್ತಿರುವ ಅಣ್ಣ, ಅಲ್ಲಿನ ಅಂಗಡಿಯಲ್ಲಿ ಕಾಯಬೇಕು ಅಂದರೆಂದು ಮೋಟರನ್ನು ಗಾಡಿಗೆ ಹಾಕಿಕೊಂಡು ನಾನಿರುವ ಮಧುಗಿರಿಗೇ ತಂದ. ಇಬ್ಬರೂ, ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿಕೊಡುವ ಇಲ್ಲಿನ ಒಂದು ವೈಂಡಿಂಗ್ ಅಂಗಡಿಗೆ ಹೋದೆವು. ಒಳಗೆ ಹೊಸ ಕಾಯಿಲ್‌ಗಳಿಗೆ ವಾರ್ನಿಶ್ ಹಚ್ಚಿ ಒಣಗಲು ಇಟ್ಟಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಎದುರುಮನೆಯ ವೈಂಡಿಂಗ್ ಅಕ್ಕ ನೆನಪಾದರು...

ಅಕ್ಕನಿಗೆ ಮೋಟರ್ ಸುತ್ತುವ ಕೆಲಸ ಕಲಿಸಿದ್ದು ಅವರ ಮಾವ. ಗಂಡ ಬಸ್ ಡ್ರೈವರ್. ಮೋಟರ್ ಹೊತ್ತು ತಂದ ಗಂಡಸರು ಅಂಗಡಿಯೊಳಗೆ ಇಣುಕಿ, "ಯಜಮಾನ್ರಿಲ್ವಾ?" ಅನ್ನುತ್ತಿದ್ದರು. "ಯಜಮಾನ್ರು ಬಸ್ಸಲ್ಲವ್ರೆ. ಮೋಟ್ರು ಇಳ್ಸಿ" ಅನ್ನುತ್ತಿದ್ದರು ಅಕ್ಕ, ತಲೆ ಎತ್ತದೆ.

ಪಿಯುಸಿ ರಜೆಯಲ್ಲಿ ನಾನು ದಿನವಿಡೀ ಅಲ್ಲೇ ಇರುತ್ತಿದ್ದೆ. ಯಾರೂ ಕರೆದಿರಲಿಲ್ಲ, ನಾನೇ ಹೋಗಿ ಕೂರುತ್ತಿದ್ದೆ. ಒಂದು ದಿನ ರಾಯಚರ್ಲು ಕಡೆಯ ರೈತರೊಬ್ಬರ ಮೋಟರ್ ಬಂದಿತ್ತು. ಸುಟ್ಟ ಕಾಯಿಲ್ ಕತ್ತರಿಸಿದ ಕೂಡಲೇ ಅದರಲ್ಲಿ ಎಷ್ಟು ಸುತ್ತು ತಂತಿಯಿತ್ತು ಅಂತ ಎಣಿಸಿ ಬರೆದಿಟ್ಟುಕೊಳ್ಳಬೇಕು. ಹೊಸ ತಂತಿಯನ್ನು ಅಷ್ಟೇ ಸುತ್ತು ಹಾಕದಿದ್ದರೆ ಮೋಟರ್ ಮತ್ತೆ ಸುಡುತ್ತದೆ. ನಾನು ಜಾಣೆಯಂತೆ ಎಲ್ಲವನ್ನೂ ಕತ್ತರಿಸಿ, ಎಣಿಸದೆ ಗುಜರಿ ತಂತಿಯ ರಾಶಿಗೆ ಎಸೆದುಬಿಟ್ಟೆ. ಅಕ್ಕ ಆ ರಾಶಿಯನ್ನು ನೋಡಿದರು, ನನ್ನನ್ನು ನೋಡಿದರು. "ಪೋನೀಲೇ" ಅಂದರು, ಹೋಗಲಿ ಬಿಡು ಅಂತ. ಬೇಸರ ಜಾಸ್ತಿಯಾದಾಗ ಅವರ ಬಾಯಲ್ಲಿ ತೆಲುಗು ಬರುತ್ತಿತ್ತು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಂಥದ್ದೇ ಮೋಟರನ್ನು ಶಿರಾದ ಒಬ್ಬರು ಸುತ್ತಿದ್ದಾರೆಂದು ಕೇಳಿ, ಮರುದಿನ ಅಕ್ಕ ನನ್ನನ್ನೂ ಕರೆದುಕೊಂಡು ಬಸ್ ಹತ್ತಿದರು. ಆ ಮನುಷ್ಯನ ಹತ್ತಿರ ಸುತ್ತಿನ ಲೆಕ್ಕ ಬರೆದ ಪುಸ್ತಕವಿತ್ತು. ನಾವು ಕೇಳಿದ್ದೇ ಪುಸ್ತಕ ಮುಚ್ಚಿ ಅದರ ಮೇಲೆ ಮೊಣಕೈ ಊರಿದ. "ಇದು ನಮ್ ಉಸ್ತಾದ್ ಬುಕ್ಕು ಅಕ್ಕ. ಹೊರಗೆ ಹೇಳಂಗಿಲ್ಲ" ಅಂದ. ಟೀ ಮಾತ್ರ ತರಿಸಿಕೊಟ್ಟ. ಅಕ್ಕ ಕುಡಿಯಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಒಂದೇ ಮಾತು ಆಡಿದ್ದು. "ಮೋಟ್ರು ರೈತಂದು. ಅದ್ರೊಳಗಿನ ಲೆಕ್ಕ ಇವನ್ದು ಹೆಂಗಾಯ್ತಮ್ಮಿ?"

ಎರಡು ಸಲ ಸುತ್ತಿ, ಓಡಿಸಿ ನೋಡಿ, ಬಿಚ್ಚಿ, ಮೂರನೆಯ ಸಲಕ್ಕೆ ಲೆಕ್ಕ ಹಿಡಿದರು. ಆಮೇಲೆ, ಮೋಟರಿಗೆ ಕರೆಂಟಿನ ವೈರು ಕೊಡುವ ಪೆಟ್ಟಿಗೆಯ ಮುಚ್ಚಳ ತೆಗೆದು, ಅದರ ಒಳಮೈಗೆ ಬಿಳಿ ಪೇಂಟಿನಲ್ಲಿ ಬರೆದರು: ಎಷ್ಟು ಸುತ್ತು, ತಂತಿಯ ದಪ್ಪ ಯಾವ ಗೇಜು, ಸುತ್ತಿದ ದಿನ. ಅಲ್ಲಿಂದಾಚೆ ಆ ಅಂಗಡಿಯಿಂದ ಯಾವ ಮೋಟರೂ ಬರಹವಿಲ್ಲದೆ ಹೊರಗೆ ಹೋಗಲಿಲ್ಲ.

ಸುದ್ದಿ ಹಬ್ಬಿತು. ಬಸ್ ಸ್ಟ್ಯಾಂಡ್ ಹತ್ತಿರದ ವೈಂಡಿಂಗ್ ಅಂಗಡಿಯವರು ಇನ್ನಿಬ್ಬರನ್ನು ಕಟ್ಟಿಕೊಂಡು ಬಂದರು. "ಹಿಂಗ್ ಬರ್ಕೊಟ್ರೆ ನಾಳೆ ಬೀದಿಗೊಬ್ರು ಅಂಗಡಿ ಇಕ್ತಾರೆ ಕಣಕ್ಕ. ನಮ್ಮೊಟ್ಟೆ ಮೇಲ್ ಯಾಕೆ ಹೊಡೀತೀಯ?"

"ಇಕ್ಲಿ ಬುಡು. ಲೆಕ್ಕ ಗೊತ್ತಾದೇಟ್ಗೆ ಕೈ ಬತ್ತದಾ?" ಅಂದರು ಅಕ್ಕ. ಅವರ ಕೈ ಸುತ್ತುತ್ತಲೇ ಇತ್ತು.

ಆಮೇಲೆ ಊರಿನ ತಂತಿ ಅಂಗಡಿಯಲ್ಲಿ ಅಕ್ಕನಿಗೆ ಮಾತ್ರ ಸ್ಟಾಕ್ ಇರುತ್ತಿರಲಿಲ್ಲ. ಯಾರ ಕೆಲಸ ಅಂತ ಎಲ್ಲರಿಗೂ ಗೊತ್ತಿತ್ತು. ಅಕ್ಕ ಹಿಂದೂಪುರಕ್ಕೆ ಹೋಗಿ ತಂತಿಯ ಸುರುಳಿಗಳನ್ನು ಹೆಗಲಿಗೆ ಹಾಕಿಕೊಂಡು ಬಂದರು. ಬಂದವರು ಮೊದಲು ಮಾಡಿದ್ದು ಇನ್ನೂ ದಪ್ಪನೆಯ ಬ್ರಷ್ ಕೊಂಡದ್ದು. ಅವತ್ತಿನಿಂದ ಮುಚ್ಚಳದೊಳಗಿನ ಅಕ್ಷರಗಳೂ ದಪ್ಪಗಾದವು.

ಈಗ ನನ್ನ ಕೆಲಸದ ವಿಷಯ ಹೇಳಬೇಕು. ಪ್ರೋಗ್ರಾಂ ಬರೆಯುವವರು ಅಡಿಪಾಯದಂತೆ ಬಳಸುವ ಒಂದು ಓಪನ್ ಸೋರ್ಸ್ ಫ್ರೇಮ್‌ವರ್ಕ್ ಇದೆ. ಅದರ ಒಳಗನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು. ಅದನ್ನು ಕಲಿಯುವವರಿಗಾಗಿ, ಪ್ರೋಗ್ರಾಂ ಬರೆಯುವ ಎಡಿಟರ್ ತಂತ್ರಾಂಶಕ್ಕೆ ಸಿಕ್ಕಿಸುವ ಒಂದು ಪ್ಲಗಿನ್ ಮಾಡಿದ್ದೇನೆ. ತಪ್ಪು ಬರೆದ ಕೂಡಲೇ ಅಡಿಗೆರೆ ಎಳೆದು, ತಪ್ಪೇನು ಅಂತ ಕನ್ನಡದಲ್ಲಿ ಹೇಳುತ್ತದೆ. ಅದೂ ಎಲ್ಲರಿಗೂ ತೆರೆದೇ ಇದೆ. ಕೊರಟಗೆರೆಯ ಒಬ್ಬ ಲೆಕ್ಚರರ್ ಅದನ್ನು ತರಗತಿಯಲ್ಲಿ ಬಳಸುತ್ತಾರೆ, ನನ್ನ ತಪ್ಪುಗಳನ್ನು ತಿದ್ದಿ ಕಳಿಸುತ್ತಾರೆ. ಒಂದು ಕಂಪನಿಗೆ ಇದು ಇಷ್ಟವಾಯಿತು. ಒಳ್ಳೆಯ ಸಂಬಳದ ಕೆಲಸ ಕೊಡುತ್ತೇವೆ, ಮುಂದಿನದೆಲ್ಲ ನಮಗೆ ಮಾತ್ರ ಮಾಡಿಕೊಡಿ, ಒಳಗಿನದನ್ನು ಯಾರಿಗೂ ತೋರಿಸಬೇಡಿ ಅಂತ ಬರೆದರು. ನಾನು ಉತ್ತರ ಬರೆಯದೆ ಕೂತಿದ್ದೆ. ಸುಳ್ಳೇಕೆ ಹೇಳಲಿ, ಆಸೆಯಾಗಿತ್ತು.

ಹೋದ ವಾರ ಅಂಗಡಿಯಲ್ಲಿ, ಮಧುಗಿರಿಯ ವೈಂಡರ್ ನಮ್ಮ ಮೋಟರಿನ ಮುಚ್ಚಳ ಬಿಚ್ಚಿದರು. ಹಿಂದೊಮ್ಮೆ ಅಕ್ಕನೇ ಸುತ್ತಿಕೊಟ್ಟ ಮೋಟರ್ ಅದು. ಒಳಗೆ ಅವರ ಬಿಳಿ ಅಕ್ಷರಗಳು ಹಾಗೇ ಇದ್ದವು. ಅವುಗಳ ಕೆಳಗೆ ಕೆಂಪು ಪೇಂಟಿನಲ್ಲಿ ಬೇರೆ ಯಾರದೋ ಕೈಬರಹದ ಇನ್ನೊಂದು ಸಾಲು: ಸುತ್ತು, ಗೇಜು, ದಿನ.

"ಇದ್ಯಾರ್ದು?" ಅಂದೆ ಅಣ್ಣನಿಗೆ.

"ಬಸ್ ಸ್ಟ್ಯಾಂಡ್‌ನೋರ್ದು. ಅಕ್ಕ ಹೋದ್ಮೇಲೆ ಒಂದ್ಸಲ ಅವ್ರ ತಾವ ಸುತ್ಸಿದ್ವಿ."

ಅಂಗಡಿಯ ಬಾಗಿಲಲ್ಲೇ ಅಳು ಬಂತು. ಅಕ್ಕ ತೀರಿಕೊಂಡಾಗ ನಾನು ಹೋಗಲಿಲ್ಲ. ಏನೋ ಕೆಲಸ ಮುಗಿಸಿಕೊಡಬೇಕಿತ್ತು... ಏನು ಕೆಲಸ ಅಂತ ಈಗ ನೆನಪೂ ಇಲ್ಲ. ನಾನು ಬದುಕಿಗೆ ಏನು ಮಾಡುತ್ತೇನೆ ಅಂತ ಅವರಿಗೆ ಒಂದು ಸಲವೂ ಕೂತು ಹೇಳಲಿಲ್ಲ.

ಮನೆಗೆ ಬಂದು ಕಂಪನಿಗೆ ಎರಡು ಸಾಲು ಬರೆದೆ. ಆಗುವುದಿಲ್ಲ, ಬೇಕಾದರೆ ಎಲ್ಲರಂತೆ ನೀವೂ ತೆಗೆದುಕೊಳ್ಳಿ ಅಂತ. ಅವರು ಇದನ್ನೇ ನೋಡಿಕೊಂಡು ಇನ್ನೊಂದು ಮಾಡಿ ಮಾರುತ್ತಾರೆ ಅಂತ ಗೆಳತಿ ಹೆದರಿಸಿದಳು. ಮಾರಲಿ.

ನಿನ್ನೆ ಮೋಟರ್ ತರಲು ಹೋದೆವು. ಮುಚ್ಚಳ ಬಿಚ್ಚಿ ತೋರಿಸಿ ಅಂದೆ. ಒಳಗೆ ಹಳೆಯ ಎರಡು ಸಾಲುಗಳಷ್ಟೇ ಇದ್ದವು.

"ನಾವು ಅಂಗೆಲ್ಲಾ ಬರೆಯಕಿಲ್ಲಮ್ಮ" ಅಂದರು ವೈಂಡರ್.

"ಹಂಗಾದ್ರೆ ನಾವು ಮೋಟ್ರು ಎತ್ತಲ್ಲ" ಅಂದೆ.

ಅಣ್ಣ ನನ್ನ ಮುಖ ನೋಡಿದ. ವೈಂಡರ್ ಒಳಗಿನಿಂದ ಪೇಂಟ್ ಡಬ್ಬಿ ತಂದು ನನ್ನ ಮುಂದೆ ಕುಕ್ಕಿದರು. "ನೀವೇ ಬರ್ಕಳಿ" ಅಂತ ಲೆಕ್ಕ ಹೇಳಿದರು. ನೆಲದ ಮೇಲೆ ಕೂತು, ಕೆಂಪು ಸಾಲಿನ ಕೆಳಗೆ ಬರೆದೆ. ಅಕ್ಕ ಇದ್ದಿದ್ದರೆ ಅಕ್ಷರ ಸಣ್ಣದಾಯಿತು ಅಂತ ಬೈಯುತ್ತಿದ್ದರು.