ಬೆನ್ನಿಂದ ಇಳಿಸದ ತಮ್ಮ

ನಮ್ಮ ಕಡೆ ಕೂಸನ್ನು ಸೊಂಟದ ಮೇಲೆ ಎತ್ತಿಕೊಳ್ಳುವುದೇ ವಾಡಿಕೆ. ತಮ್ಮ ಹುಟ್ಟಿದಾಗ ನನಗಿನ್ನೂ ಸೊಂಟವೇ ಇರಲಿಲ್ಲ. ಕೂರಿಸಿಕೊಂಡರೆ ಜಾರಿ ಮೊಣಕಾಲಿಗೆ ಬರುತ್ತಿದ್ದ. ಅದಕ್ಕೆ ಅವ್ವ ತನ್ನ ಹಳೇ ಸೀರೆಯನ್ನು ಉದ್ದಕ್ಕೆ ಸೀಳಿ, ಅವನನ್ನು ನನ್ನ ಬೆನ್ನಿಗೆ ಅಂಟಿಸಿ, ಎದೆಯ ಮೇಲೆ ಗಂಟು ಹಾಕಿದಳು. ಬೆನ್ನು ಬಾಗಿದ ಅಜ್ಜಿಗೆ ಕೂಸು ಎತ್ತಲಾಗುತ್ತಿರಲಿಲ್ಲ. ಮೂರನೇ ಕ್ಲಾಸಿಗೆ ನನ್ನ ಸ್ಕೂಲು ಮುಗಿದದ್ದು ಹಾಗೆ. ಅವ್ವ ಬೆಳಿಗ್ಗೆ ಬಸ್ಸು ಹತ್ತಿ ತಿಪಟೂರಿನ ಕೊಬ್ಬರಿ ಶೆಡ್ಡಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು.

ನನಗೆ ಬೇಜಾರಿರಲಿಲ್ಲ. ಅವನು ನಿದ್ದೆ ಹೋದರೆ ಬೆನ್ನು ಬೆಚ್ಚಗಾಗೋದು, ಜೊಲ್ಲು ಕತ್ತಿನ ಹಿಂದೆ ಇಳಿಯೋದು. ತೋಟದಿಂದ ಒಣಗರಿ ಎಳೆದು ತರುವಾಗ ಎತ್ತು ಹೊಡೆಯುವವನ ಹಾಗೆ ಹಿಂದಿನಿಂದ ಬಾಯಲ್ಲಿ ಸದ್ದು ಮಾಡುತ್ತಿದ್ದ.

ಅವನು ಗೋಡೆ ಹಿಡಿದು ನಿಲ್ಲಲು ಕಲಿತ ದಿನ ಅವ್ವ ಅಂದಳು, "ಇವ್ನು ಹೊಸ್ಲು ದಾಟ್ಲಿ ಕಣೇ, ಕಾಯೊಬ್ಬಟ್ಟು ಮಾಡಾನ. ಆಮೇಲೆ ಅಜ್ಜಿ ನೋಡ್ಕಂತಾಳೆ, ನೀನು ನನ್ಜೊತೆ ಶೆಡ್ಡಿಗೆ ಬಾ."

ಶೆಡ್ಡನ್ನು ನಾನು ನೋಡಿದ್ದೆ. ಒಣಗಿದ ಕಾಯಿಯ ಚಿಪ್ಪನ್ನು ಮಚ್ಚಿನಿಂದ ಬಿಡಿಸಬೇಕು, ಒಳಗಿನ ಕೊಬ್ಬರಿ ಗಿಟುಕು ಒಡೆಯಬಾರದು. ಒಡೆದರೆ ಬೈಗುಳ, ಮಚ್ಚು ಜಾರಿದರೆ ಬೆರಳು. ಅವ್ವನ ಹೆಬ್ಬೆರಳಿನ ಉಗುರು ಅಲ್ಲೇ ಹೋಗಿತ್ತು. ನನಗೆ ಭಯವಾಯಿತು. ಮಾರನೇ ದಿನದಿಂದ, ತಮ್ಮ ನೆಲದ ಮೇಲೆ ಕಾಲೂರಿದರೆ ಸಾಕು, ಎತ್ತಿ ಬೆನ್ನಿಗೆ ಕಟ್ಟಿಬಿಡುತ್ತಿದ್ದೆ. ಮೊದಮೊದಲು ಒದೆಯುತ್ತಿದ್ದ. ಆಮೇಲೆ ಅವನೇ ಸೀರೆ ತಂದು ಕೊಡತೊಡಗಿದ.

ಅವನ ಓರಗೆಯ ಮಕ್ಕಳೆಲ್ಲ ಬೀದಿಯಲ್ಲಿ ಓಡಾಡಿದವು. "ಏನೇ, ನಿನ್ ಬೆನ್ನಲ್ಲೇ ಬೇರು ಬುಟ್ನೇನೇ ಇವ್ನು?" ಅಂತ ಪಕ್ಕದ ಮನೆಯ ಮುದುಕಿ ನಗುತ್ತಿದ್ದಳು. ಅವ್ವನಿಗೆ ನಗು ಬರಲಿಲ್ಲ. ಸಂಜೆ ಅವನ ಕಾಲಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತ ಅಜ್ಜಿಗೆ ಹೇಳಿದಳು:

"ಬಸುರೀಲಿ ಗ್ರಹಣದ ದಿನಾನೂ ಶೆಡ್ಡಿಗೋಗಿ ಮಚ್ಚು ಹಿಡಿದ್ನಲ್ಲ ಅತ್ತೆ, ನಂದೇ ತಪ್ಪು. ನನ್ ಕೈಯಾರೆ ಅವನ ಕಾಲು ಕಡಿದೆ."

ನಾನು ಒಲೆಯ ಮುಂದೆ ಕೂತು ಕೇಳಿಸಿಕೊಂಡೆ. ಮಗನಿಗೆ ಕಾಲು ಬಂದರೆ ಬದುಕಿರೋವರೆಗೂ ಸೋಮವಾರ ಉಣ್ಣಲ್ಲ ಅಂತ ಹರಕೆ ಹೊತ್ತು, ಅವ್ವ ಆ ವಾರದಿಂದಲೇ ಉಪವಾಸ ಹಿಡಿದಳು. ಶಿವನಿಗೆ ಪೂಜೆ ಮಾಡಿ, ಬರೀ ನೀರು ಕುಡಿದು ಬಸ್ಸು ಹತ್ತುತ್ತಿದ್ದಳು. ಆಗಲೂ ನಾನು ಬಾಯಿ ಬಿಡಲಿಲ್ಲ, ಗಂಟೂ ಬಿಚ್ಚಲಿಲ್ಲ.

ಕೊನೆಗೆ ನನಗೆ ಜ್ವರ ಬಂತು. ಅವ್ವ ಅವತ್ತು ಶೆಡ್ಡಿಗೆ ಹೋಗದೆ ಮನೆಯಲ್ಲಿದ್ದಳು. ನನ್ನನ್ನು ಜಗಲಿಯ ಮೇಲೆ ಮಲಗಿಸಿ, ತಮ್ಮನನ್ನು ಒಳಗೆ ನೆಲದ ಮೇಲೆ ಬಿಟ್ಟಿದ್ದಳು. ಅವನು ಅಳುತ್ತ ಸುತ್ತಲೂ ನೋಡಿದ, ಗೋಡೆ ಹಿಡಿದು ಎದ್ದ. ಗೋಡೆ ಬಿಟ್ಟ. ಸೀರೆಯನ್ನು ಎಳೆದುಕೊಂಡು ತೂರಾಡುತ್ತ ಹೊಸಿಲು ದಾಟಿ ಬಂದು, ಬೋರಲಾಗಿ ಮಲಗಿ ನೋಡುತ್ತಿದ್ದ ನನ್ನ ಬೆನ್ನ ಮೇಲೆ ಬಿದ್ದ.

"ದಾಟ್ದ! ಅತ್ತೆ, ದಾಟ್ದ ಬನ್ನಿ!" ಅಂತ ಅವ್ವ ಕೂಗಿಕೊಂಡಳು. ಅಳುತ್ತಲೇ ಕಾಯಿ ತುರಿದಳು. ಬೀದಿಗೆಲ್ಲ ಒಬ್ಬಟ್ಟು ಹಂಚಿದಳು. ಜ್ವರ ಬಿಟ್ಟ ಮೇಲೆ ನಾನು ಶೆಡ್ಡಿಗೆ ಹೋದೆ. ಅಂದುಕೊಂಡಷ್ಟು ಕಷ್ಟವೇನೂ ಇರಲಿಲ್ಲ.

ಅವ್ವ ಮಾತ್ರ ಸೋಮವಾರ ಬಿಡಲೇ ಇಲ್ಲ. ತಮ್ಮನಿಗೆ ಮೀಸೆ ಬಂತು, ಟ್ರ್ಯಾಕ್ಟರ್ ಓಡಿಸಿದ, ನಾನು ಮದುವೆಯಾಗಿ ದಬ್ಬೇಘಟ್ಟದ ಕಡೆ ಹೋದೆ. ಒಂದು ಸೋಮವಾರ ತವರಿಗೆ ಬಂದವಳು, ಅವ್ವನ ಒಣಗಿದ ಮುಖ ನೋಡಲಾರದೆ ಅಂದೆ, "ಸಾಕು ಬುಡವ್ವ, ಇನ್ನಾದ್ರೂ ಉಣ್ಣು."

"ಸುಮ್ಕಿರೇ. ದೇವ್ರು ಕಾಲು ಕೊಟ್ಟವ್ನೆ, ನಾನು ಮಾತು ತಪ್ಪಾಕಾಯ್ತದಾ?"

ನಾನು ನನ್ನ ತಟ್ಟೆ ಪಕ್ಕಕ್ಕೆ ಸರಿಸಿದೆ. ಅವಳು ಗದರಿದಳು, "ನಿಂಗ್ಯಾವ ಹರಕೆನೇ? ಉಣ್ಣು, ಮುದ್ದೆ ಆರ್ತದೆ."

 ಅವಳು ತಟ್ಟೆಯನ್ನು ಮತ್ತೆ ನನ್ನ ಮುಂದಕ್ಕೆ ತಳ್ಳಿ, ಸಾರು ಬಿಟ್ಟಳು. ನಾನು ತಲೆ ತಗ್ಗಿಸಿ ಉಂಡೆ.