ಮೂಲಾ ನಕ್ಷತ್ರದ ಡ್ರ್ಯಾಗನ್

ಗಂಡನ ಬಲತೋಳಿಗೆ ಅಂಟುಪಟ್ಟಿ ಹಚ್ಚುವುದು ಕವನಾಳ ದಿನದ ಮೊದಲ ಕೆಲಸ. ಹಾಲು ಕಾಯಿಸುವುದಕ್ಕೂ ಮೊದಲು, ಮಗಳು ಇಂಪನಾ ಎದ್ದು ರಚ್ಚೆ ಹಿಡಿಯುವುದಕ್ಕೂ ಮೊದಲು. ಗಾಯವಾಗಿದ್ದರೆ ಎಂದಾದರೊಂದು ದಿನ ಮಾಯುತ್ತದೆ ಎಂಬ ಸಮಾಧಾನವಾದರೂ ಇರುತ್ತಿತ್ತು. ಇದು ಮಾಯುವಂಥದ್ದಲ್ಲ. ನಿರಂಜನನ ಭುಜದಿಂದ ಮೊಣಕೈವರೆಗೆ ಚೀನಾದ ಡ್ರ್ಯಾಗನ್ ಒಂದು ಸುತ್ತಿಕೊಂಡು ಕೂತಿದೆ. ಮೀಸೆ, ಕೊಂಬು, ಹಸಿರು ಹುರುಪೆ, ಹದ್ದಿನಂಥ ಉಗುರು. ಹಚ್ಚೆ ಹಾಕಿದವನು ಗಟ್ಟಿ ಕೆಲಸಗಾರ. ಇಷ್ಟು ವರ್ಷವಾದರೂ ಒಂದು ಗೆರೆ ಮಾಸಿಲ್ಲ. ಅದೇ ಕವನಾಳ ಸಂಕಟ.

ಭದ್ರಾವತಿ ಹಳೇನಗರದ ವೇಣುಗೋಪಾಲಸ್ವಾಮಿ ಗುಡಿಯಲ್ಲಿ ಅರ್ಚಕನಾದವನು ಅಂಗಿ ತೊಟ್ಟು ಗರ್ಭಗುಡಿಯೊಳಗೆ ಹೋಗುವಂತಿಲ್ಲ. ಬರಿಮೈ, ಒಂದು ಪಂಚೆ, ಹೆಗಲಿಗೊಂದು ಶಲ್ಯ. ಶಲ್ಯವೋ, ಅಭಿಷೇಕಕ್ಕೆ ಕೈಯೆತ್ತಿದ ಕೂಡಲೇ ಜಾರುತ್ತದೆ. ಹಾಗಾಗಿ ಶಿವಮೊಗ್ಗದ ಮನೆಯಲ್ಲಿ ಮೈಬಣ್ಣದ ಅಂಟುಪಟ್ಟಿ, ಗುಡಿಯ ಬಾವಿಕಟ್ಟೆಯಲ್ಲಿ ಸ್ನಾನವಾದ ಮೇಲೆ ಅದರ ಮೇಲೆ ದಪ್ಪಗೆ ಗೋಪೀಚಂದನ. ಮಳೆಗಾಲ ಮುಗಿದಾಗಿನಿಂದ ಇದೇ ಪಾಡು.

"ಸ್ವಲ್ಪ ಮೇಲೆ ಕಣೇ, ಕೊಂಬು ಕಾಣ್ತಿದೆ."

"ಕಾಣ್ಲಿ ಬಿಡಿ. ಇಪ್ಪತ್ನಾಲ್ಕು ವರ್ಷಕ್ಕೆ ನಿಮ್ಗೆ ಬುದ್ಧಿ ಇರ್ಲಿಲ್ಲ, ಅದಕ್ಕೆ ನಾನು ನಿದ್ದೆ ಕೆಡ್ಬೇಕು. ಇಲ್ಲಿ ನೋಡಿ, ಚರ್ಮ ಎಲ್ಲಾ ಕೆಂಪಗಾಗಿದೆ. ಕಜ್ಜಿ ಆದ್ರೆ? ಅದು ಮಗೂಗೆ ಹತ್ತಿದ್ರೆ?"

"ಏನೂ ಆಗಲ್ಲ ಮಾರಾಯ್ತಿ."

'ಏನೂ ಆಗಲ್ಲ' ಎಂಬ ಮಾತು ಕೇಳಿದರೆ ಕವನಾಳಿಗೆ ಮೈ ಉರಿಯುತ್ತದೆ. ಈ ಮನುಷ್ಯನ ಬಾಳಿನಲ್ಲಿ ಏನೂ ಆಗದೆ ಉಳಿದಿರುವುದೇ ತೊಂದರೆ. ಅಡುಗೆ ಕೆಲಸಕ್ಕೆ ಹೋಗಿದ್ದ ಸಿಂಗಾಪುರದಿಂದ ಬಂದ ಮೇಲೆ ಕೋಟೆ ರಸ್ತೆಯ ಪೂಜೆ ಸಾಮಾನಿನ ಗ್ರಂಧಿಗೆ ಅಂಗಡಿಯಲ್ಲಿ ಸ್ವಲ್ಪ ದಿನ, ಮದುವೆ ಮುಂಜಿಗಳ ಅಡುಗೆಯಲ್ಲಿ ಸ್ವಲ್ಪ ದಿನ, ಹೋಮಕ್ಕೆ ಕರೆದವರ ಹಿಂದೆ ಸ್ವಲ್ಪ ದಿನ. ಕಳೆದ ವರ್ಷ ಮಾವ ನರಸಿಂಹಮೂರ್ತಿಗಳ ಎರಡೂ ಮಂಡಿ ಕೈಕೊಟ್ಟವು. ನಲವತ್ತು ವರ್ಷ ಪೂಜೆ ಮಾಡಿದ ಗುಡಿಗೆ ಮಗನನ್ನು ಕಳಿಸಿದರು, ಸದ್ಯಕ್ಕೆ ಅಂತ. ಆ 'ಸದ್ಯಕ್ಕೆ' ಹೋಗಿ ಕಾಯಂ ಆಗಬೇಕು, ಗುಡಿಯ ಸಮಿತಿ ಒಪ್ಪಬೇಕು. ಕವನಾಳಿಗೆ ಬೇಕಾಗಿದ್ದುದು ಅಷ್ಟೇ. ಮಗುವಿನ ತಂದೆ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ಒಂದೇ ಉಸಿರಿನಲ್ಲಿ ಉತ್ತರ ಹೇಳುವಂತಾಗಬೇಕು.

ನಿರಂಜನನಿಗೂ ಆ ಕೆಲಸದ ಮೇಲೆ ಜೀವ. ಅದನ್ನು ಅವನು ಬಾಯಿಬಿಟ್ಟು ಹೇಳುವವನಲ್ಲ. ಆದರೆ ದೇವರಿಗೆ ತುಳಸಿ ಏರಿಸುವಾಗ ಅವನ ಮುಖ ನೋಡಿದವರಿಗೆ ಗೊತ್ತಾಗುತ್ತದೆ.

ಅವನು ಹುಟ್ಟಿದ್ದು ಮೂಲಾ ನಕ್ಷತ್ರದ ಮೊದಲ ಪಾದದಲ್ಲಿ. ತಂದೆಗೆ ಅರಿಷ್ಟ ಎನ್ನುತ್ತದೆ ಶಾಸ್ತ್ರ. ನರಸಿಂಹಮೂರ್ತಿಗಳು ಶಾಸ್ತ್ರ ಮೀರುವವರಲ್ಲ. ಶಾಂತಿಹೋಮ ಆಗುವ ತನಕ ಅವರು ಮಗುವಿನ ಮುಖ ನೋಡಲಿಲ್ಲ. ಆದ ಮೇಲೂ ಮೊದಲು ನೋಡಿದ್ದು ಎಣ್ಣೆ ತುಂಬಿದ ಬಟ್ಟಲಿನಲ್ಲಿ ಬಿದ್ದ ಪ್ರತಿಬಿಂಬವನ್ನು. ಕವನಾ ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಸತ್ಯಭಾಮಾ ಇದನ್ನು ನಗುನಗುತ್ತಲೇ ಹೇಳಿದ್ದರು. ಅವಳಿಗೆ ನಗು ಬಂದಿರಲಿಲ್ಲ. ಆಮೇಲೆ ಆ ಮನೆಯಲ್ಲಿ ಅಪ್ಪ ಸೈಕಲ್ಲಿನಿಂದ ಬಿದ್ದರೆ ಮೂಲಾ, ಹಸು ಗಬ್ಬ ನಿಲ್ಲದಿದ್ದರೆ ಮೂಲಾ, ಸೋದರತ್ತೆಯ ಗಂಡ ಊರು ಬಿಟ್ಟರೂ ಮೂಲಾ. ಬೈದು ಹೇಳಿದವರು ಯಾರೂ ಇಲ್ಲ. ತಲೆ ಸವರಿ, 'ಪಾಪ, ಹುಡುಗ ತಾನೇ ಏನು ಮಾಡುತ್ತಾನೆ' ಎಂದು ಹೇಳಿದವರೇ ಎಲ್ಲ. ಬೈಗುಳವಾದರೆ ತಿರುಗಿ ಬೈಯಬಹುದು. ಮರುಕಕ್ಕೆ ಏನು ಮಾಡುವುದು?

ಸಿಂಗಾಪುರದ ಒಂದು ಕೃಷ್ಣ ದೇವಸ್ಥಾನಕ್ಕೆ ಮಡಿ ಅಡುಗೆಗೆಂದು ಹೋದಾಗ ಅವನಿಗೆ ಇಪ್ಪತ್ನಾಲ್ಕು. ಆ ಬೀದಿಯಲ್ಲಿ ಹೂವು ಮಾರುವ ಚೀನೀ ಮುದುಕಿಯೊಬ್ಬಳು ದಿನಾ ಕೃಷ್ಣನಿಗೂ ಊದುಬತ್ತಿ ಹಚ್ಚಿ ಹೋಗುತ್ತಿದ್ದಳು. ಒಂದು ದಿನ ಇವನ ಹುಟ್ಟಿದ ವರ್ಷ ಕೇಳಿದಳು. ಎಂಬತ್ತೆಂಟು ಎಂದ. ಅವಳು ಬೆರಳು ಮಡಚಿ ಎಣಿಸಿ, ಇವನ ಎರಡೂ ಕೈ ಹಿಡಿದುಕೊಂಡು ಅಂಗಡಿ ಸಾಲಿಗೆಲ್ಲ ಕೇಳುವಂತೆ ಕೂಗಿದಳು: ಡ್ರ್ಯಾಗನ್! ಇಲಿ, ಎತ್ತು, ಹುಲಿ, ಮೊಲ ಎಂದು ಅವರ ವರ್ಷಗಳು ಹನ್ನೆರಡು ಪ್ರಾಣಿಗಳ ಹೆಸರಲ್ಲಿ ಸುತ್ತುತ್ತವೆ. ಅದರಲ್ಲಿ ಯಾರೂ ಕಣ್ಣಾರೆ ಕಾಣದ ಪ್ರಾಣಿ ಇದೊಂದೇ, ಎಲ್ಲರಿಗೂ ಬೇಕಾದದ್ದೂ ಇದೇ. ಆ ವರ್ಷ ಮಗು ಹುಟ್ಟಲಿ ಎಂದು ಅಲ್ಲಿ ಗಂಡ ಹೆಂಡಿರು ಕಾಯುತ್ತಾರಂತೆ. ಅವನು ಅಲ್ಲಿದ್ದ ವರ್ಷವೂ ಡ್ರ್ಯಾಗನ್ ವರ್ಷವೇ ಆಗಿತ್ತು. ಬೀದಿ ತುಂಬ ಕಾಗದದ ಡ್ರ್ಯಾಗನ್‌ಗಳು ತೂಗುತ್ತಿದ್ದವು. ತಾನು ಹುಟ್ಟಿದ ಗಳಿಗೆಯನ್ನು ಒಬ್ಬರು ಸಂಭ್ರಮಿಸಿದ್ದು ಅವನಿಗೆ ಅದೇ ಮೊದಲು. ಆ ವಾರವೇ ಹಚ್ಚೆ ಹಾಕಿಸಿಕೊಂಡ.

ಹೆಣ್ಣು ನೋಡಲು ಬಂದಾಗ, ತೋಟದ ಕಡೆ ಹೋಗಿ ಮಾತಾಡಿಕೊಂಡು ಬನ್ನಿ ಎಂದು ಹಿರಿಯರು ಕಳಿಸಿದ ಕೂಡಲೇ ಅವನು ಅಂಗಿಯ ತೋಳು ಮಡಚಿ ತೋರಿಸಿದ್ದ. "ಜಾತಕ ನಿಮ್ಮಪ್ಪಂಗೆ ಕೊಟ್ಟಿದ್ದೀವಿ. ಇದು ಅದ್ರಲ್ಲಿ ಇಲ್ಲ" ಎಂದಿದ್ದ. ಮೈಸೂರಿನ ಕಾನ್ವೆಂಟಿನಲ್ಲಿ ಓದಿದ ಕವನಾ ಆ ಒಂದು ಮಾತಿಗೆ ಒಪ್ಪಿಬಿಟ್ಟಳು. ಈಗ ಅಂಟುಪಟ್ಟಿ ಎಳೆಯುವಾಗಲೆಲ್ಲ ಆ ಮಾತನ್ನು ನೆನೆಸಿಕೊಂಡು ತನ್ನ ಮೇಲೇ ಸಿಟ್ಟಾಗುತ್ತಾಳೆ. ಮಗಳು ಹುಟ್ಟಿದ್ದೂ ಡ್ರ್ಯಾಗನ್ ವರ್ಷದಲ್ಲೇ ಎಂದು ಹೆರಿಗೆ ವಾರ್ಡಿನಲ್ಲಿ ಅವನು ಕುಣಿದಾಡಿದ್ದು ಬೇರೆ.

ಶಿವರಾತ್ರಿ ಕಳೆದು ಬಿಸಿಲು ಏರಿತು. ಒಂದು ಶನಿವಾರ ಜನ ಕಿಕ್ಕಿರಿದಿದ್ದಾಗ, ಬೆವರಿಗೆ ಅಂಟುಪಟ್ಟಿ ಅರ್ಧ ಬಿಚ್ಚಿ ನೇತಾಡಿತು. ಯಾರೋ ಹುಡುಗಿ ದೇವರ ಅಲಂಕಾರದ ಫೋಟೋ ತೆಗೆದಳು; ಅದರಲ್ಲಿ ಅರ್ಚಕರ ತೋಳೂ ಬಂತು. ಸಂಜೆಯೊಳಗೆ ಭಕ್ತರ ವಾಟ್ಸಾಪ್ ಗುಂಪಿನಲ್ಲಿ ದೇವರು ಹೋಗಿ ತೋಳು ಮಾತ್ರ ಉಳಿದಿತ್ತು. ಗುಡಿಗೆ ದಿನಾ ಹೂವು ಕೊಡುವ, ಸಮಿತಿಯಲ್ಲಿ ಮಾತಿಗೆ ತೂಕವಿರುವ ಸುಭದ್ರಮ್ಮನೆಂಬ ಹಿರಿಯರು 'ಸ್ವಾಮಿ ಸನ್ನಿಧಿಯಲ್ಲಿ ಚೀನಾ ಹಾವು' ಎಂದು ಬರೆದು ಕೈಮುಗಿಯುವ ಚಿತ್ರ ಹಾಕಿದ್ದರು.

ಮರುದಿನ ಸಮಿತಿಯ ಅಧ್ಯಕ್ಷ ಚಂದ್ರಹಾಸ ಶಿವಮೊಗ್ಗದ ಹೊಸಮನೆ ಬಡಾವಣೆಯ ಇವರ ಮನೆಗೇ ಬಂದರು. ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಜಗಳ ಬಿಡಿಸುವುದರಲ್ಲಿ ನಿಸ್ಸೀಮರು. ಕಾಫಿ ಕುಡಿದು ಫೋನ್ ತೆಗೆದು ನರಸಿಂಹಮೂರ್ತಿಗಳಿಗೆ ಒಂದು ಫೋಟೋ ತೋರಿಸಿದರು. ಭದ್ರಾವತಿಯ ಹೊಯ್ಸಳರ ಕಾಲದ ದೇವಸ್ಥಾನದ ಕಲ್ಲಿನ ತೋರಣ, ಅದರ ತುದಿಯಲ್ಲಿ ಬಾಯ್ದೆರೆದ ಮಕರ.

"ಆಚಾರ್ರೇ, ನೋಡಿ. ಇದಕ್ಕೂ ಕಾಲಿದೆ, ಅದಕ್ಕೂ ಕಾಲಿದೆ. ಇದೂ ಬಾಯಿ ಬಿಟ್ಟಿದೆ, ಅದೂ ಬಾಯಿ ಬಿಟ್ಟಿದೆ. ಎಂಟುನೂರು ವರ್ಷದಿಂದ ನಮ್ಮೂರ ಕಲ್ಲಲ್ಲಿ ಇರೋದು ನಿರಂಜನನ ತೋಳಲ್ಲಿ ಇದ್ರೆ ಯಾರು ಕೇಳ್ತಾರೆ? ಮುಂದಿನ ಭಾನುವಾರ ಮೀಟಿಂಗಲ್ಲಿ ಬ್ಯಾಂಡೇಜ್ ಕಿತ್ತು ನಿಂತ್ಕೊಳ್ಳಲಿ. ಮಕರ ಅಂತ ನಾನು ಹೇಳ್ತೀನಿ. ಅವನು ತಲೆ ಆಡಿಸಿದ್ರೆ ಸಾಕು."

"ಇದು ಮಕರ ಅಲ್ಲ ಸಾರ್" ಎಂದ ನಿರಂಜನ.

"ಗೊತ್ತು ಕಣಪ್ಪಾ. ಅದನ್ನ ನಿನ್ನ ಕೇಳ್ತಿರೋರು ಯಾರು?"

ಆ ವಾರವಿಡೀ ಕವನಾ ಗಂಡನ ತಲೆ ತಿಂದಳು. "ಆಷಾಢದ ಏಕಾದಶಿಗೆ ಮಠದಲ್ಲಿ ಕಾಯಿಸಿದ ಶಂಖ ಚಕ್ರದ ಮುದ್ರೆ ಮೈಗೆ ಒತ್ತಿಸ್ಕೊಳ್ಳಲ್ವಾ ಎಲ್ರೂ? ಬೆಂಕಿ ಆಗುತ್ತೆ, ಸೂಜಿ ಆಗಲ್ಲ ಅಂದ್ರೆ ಏನು ನ್ಯಾಯ? ಅದನ್ನ ಅವರ ಹತ್ರ ವಾದ ಮಾಡೋಕೆ ಆಗಲ್ಲ, ಸರಿ. ಒಂದ್ಸಲ ತಲೆ ಆಡ್ಸಿ. ನಿಮ್ಮ ಡ್ರ್ಯಾಗನ್ ಏನು ಎದ್ದು ಹೋಗುತ್ತಾ?"

ಅವನು ಮಗಳಿಗೆ ಮೊಸರನ್ನ ತಿನ್ನಿಸುತ್ತಿದ್ದ. ಮಗಳು ಅದರಲ್ಲೇ ಒಂದು ಅಗುಳು ತೆಗೆದು ತೋಳಿನ ಡ್ರ್ಯಾಗನ್ ಬಾಯಿಗೆ ಅಂಟಿಸಿದಳು. ಕವನಾಳಿಗೆ ಅಳು ಬಂತು.

ಭಾನುವಾರ ಮಧ್ಯಾಹ್ನದ ಪೂಜೆಗೆ ಮುಂಚೆ ಗುಡಿಯ ಜಗಲಿಯಲ್ಲಿ ಸಭೆ. ನರಸಿಂಹಮೂರ್ತಿಗಳನ್ನು ಆಟೋದಲ್ಲಿ ಕರೆತಂದು ಕುರ್ಚಿಯಲ್ಲಿ ಕೂರಿಸಿದ್ದರು. ನಿರಂಜನ ಬರಿಮೈಯಲ್ಲಿ, ಪಟ್ಟಿ ಕಿತ್ತ ತೋಳಿನಲ್ಲಿ ಕಂಬದ ಪಕ್ಕ ನಿಂತಿದ್ದ. ಕವನಾ ಮಗಳನ್ನು ಸೊಂಟದಲ್ಲಿಟ್ಟುಕೊಂಡು ಹೆಂಗಸರ ಸಾಲಿನ ಕೊನೆಯಲ್ಲಿದ್ದಳು.

"ಇದು ಮಕರ" ಎಂದು ಶುರು ಮಾಡಿದರು ಚಂದ್ರಹಾಸ. ಹೊಯ್ಸಳರಾಯಿತು, ವರುಣನ ವಾಹನವಾಯಿತು. ಫೋಟೋ ಕೈಯಿಂದ ಕೈಗೆ ಹೋಯಿತು.

"ಮಕರಕ್ಕೆ ಆನೆ ಸೊಂಡ್ಲು ಇರುತ್ತಲ್ಲ, ಎಲ್ಲಿ?" ಎಂದರು ಸುಭದ್ರಮ್ಮ.

"ಕಲಾವಿದರು ಒಬ್ಬೊಬ್ರು ಒಂದೊಂದು ಥರ ಬರೀತಾರಮ್ಮ."

"ಬೆಂಕಿ ಉಗುಳೋ ಹಂಗೆ ಕಾಣುತ್ತೆ."

"ಉಗುಳ್ಲಿ ಬಿಡಿ. ನಮ್ಮೂರ ಹಳೇ ಹೆಸರೇ ಬೆಂಕೀಪುರ" ಎಂದು ಹಿಂದಿನಿಂದ ಯಾರೋ ಅಂದರು. ಜಗಲಿಯೆಲ್ಲ ನಕ್ಕಿತು. ಕವನಾಳೂ ನಕ್ಕಳು. ಇನ್ನೇನು, ಆಯಿತು. ಇವರು ತಲೆಯಾಡಿಸಬೇಕು, ಅಷ್ಟೇ.

ನಿರಂಜನ ಆಡಿಸಲಿಲ್ಲ. ಇಲ್ಲ ಎನ್ನಲೂ ಇಲ್ಲ. ಕಂಬ ನೋಡುತ್ತ ನಿಂತ.

ಆಗ ನರಸಿಂಹಮೂರ್ತಿಗಳು ಗಂಟಲು ಸರಿಮಾಡಿಕೊಂಡರು. "ನಾನು ಹೇಳ್ತೀನಿ" ಎಂದರು. ನಲವತ್ತು ವರ್ಷ ಆ ಗುಡಿಯಲ್ಲಿ ಕೇಳಿದ ದನಿ, ಎಲ್ಲರೂ ಅವರ ಕಡೆ ತಿರುಗಿದರು. "ಅದು ಮಕರವೇ. ಹಾಕಿಸ್ಕೋ ಅಂತ ಹೇಳಿದ್ದೂ ನಾನೇ. ಇವನದು ಮೂಲಾ, ಒಂದನೇ ಪಾದ. ನಿಮಗೆಲ್ಲ ಗೊತ್ತಿರೋದೇ. ಎಷ್ಟು ಶಾಂತಿ ಮಾಡಿದ್ರೂ ಆ ದೋಷ ಬಿಡಲಿಲ್ಲ. ಮೈಮೇಲೆ ಮಕರ ಧರಿಸಿದ್ರೆ ಪರಿಹಾರ ಅಂತ ಒಬ್ಬರು ದೊಡ್ಡವರು ಅಪ್ಪಣೆ ಕೊಟ್ರು."

"ಹಾಗೋ!" ಎಂದರು ಸುಭದ್ರಮ್ಮ. ಅವರ ಮುಖ ಮೆದುವಾಯಿತು. "ಮೊದ್ಲೇ ಹೇಳಬಾರ್ದಾ ಆಚಾರ್ರೇ? ದೋಷಕ್ಕೆ ಅಂದ್ಮೇಲೆ ಮಾತೇ ಇಲ್ಲ. ಪಾಪ, ಹುಡುಗ."

ಕವನಾ ಗಂಡನ ಕಡೆ ನೋಡಿದಳು. ನೋಡಬಾರದಿತ್ತು. ಮೂವತ್ತೇಳು ವರ್ಷದ ಆ ಮುಖ ಬೈಸಿಕೊಂಡ ಹುಡುಗನ ಮುಖದಷ್ಟು ಚಿಕ್ಕದಾಗಿತ್ತು. ಅವನ ಎಡಗೈ ತಾನಾಗಿಯೇ ಬಂದು ಬಲತೋಳನ್ನು ಮುಚ್ಚಿಕೊಂಡಿತ್ತು. ಆ ದರಿದ್ರ ನಕ್ಷತ್ರದಿಂದ ತಪ್ಪಿಸಿಕೊಂಡು ಅವನು ಕಂಡುಕೊಂಡದ್ದು ಇದೊಂದೇ, ಅದನ್ನೂ ಇವರು ಒಯ್ದು ಆ ನಕ್ಷತ್ರಕ್ಕೇ ಕಟ್ಟಿಹಾಕಿದರಲ್ಲ. ಇನ್ನು ದಿನಾ ಪೂಜೆಗೆ ನಿಂತಾಗ ಬಂದವರೆಲ್ಲ ತೋಳು ನೋಡಿ ಪಾಪ ಎನ್ನುತ್ತಾರೆ.

"ಮಾವ, ಯಾಕೆ ಸುಳ್ಳು ಹೇಳ್ತೀರ?"

ಮಾತು ತನ್ನ ಬಾಯಿಂದಲೇ ಬಂತು ಎಂದು ತಿಳಿಯಲು ಅವಳಿಗೇ ಒಂದು ಕ್ಷಣ ಬೇಕಾಯಿತು. ಅಷ್ಟರಲ್ಲಿ ಮುಂದಿನದೂ ಬಂದಿತ್ತು. "ಅದು ದೋಷಕ್ಕೆ ಹಾಕಿಸಿದ್ದಲ್ಲ. ಅದು ಡ್ರ್ಯಾಗನ್. ಅವರು ಹುಟ್ಟಿದ ವರ್ಷ ಚೀನಾದವರ ಲೆಕ್ಕದಲ್ಲಿ ತುಂಬಾ ಒಳ್ಳೇದು. ಒಳ್ಳೇದು ಅಂತ ಅವರಿಗೆ ಬೇರೆ ಯಾರೂ ಹೇಳಿರ್ಲಿಲ್ಲ, ಅದಕ್ಕೆ ಹಾಕಿಸ್ಕೊಂಡ್ರು. ಅಷ್ಟೇ."

ಇಂಪನಾ ತಾಯಿಯ ಗಟ್ಟಿ ದನಿಗೆ ಬೆಚ್ಚಿ ಅಳಲು ಶುರು ಮಾಡಿದಳು. ಚಂದ್ರಹಾಸ ಕನ್ನಡಕ ತೆಗೆದು ಒರೆಸಿದರು. ದೋಷವಿದ್ದವನನ್ನು ಇಟ್ಟುಕೊಳ್ಳಲು ತಯಾರಿದ್ದ ಸಭೆ, ದೋಷವಿಲ್ಲದವನನ್ನು ಏನು ಮಾಡುವುದೆಂದು ತಿಳಿಯದೆ ಗುಸುಗುಸು ಮಾಡಿತು. ಕೊನೆಗೆ ತೀರ್ಮಾನವಾಯಿತು: ಯುಗಾದಿಯವರೆಗೆ ನಿರಂಜನನೇ ಮಾಡಲಿ. ಆಮೇಲೆ ಬೇರೆಯವರನ್ನು ನೋಡೋಣ.

ಜಗಲಿ ಖಾಲಿಯಾದ ಮೇಲೆ ನರಸಿಂಹಮೂರ್ತಿಗಳು ಸೊಸೆಯ ಕಡೆ ತಿರುಗದೆಯೇ ಹೇಳಿದರು: "ನಿನ್ನ ಗಂಡನ ಅನ್ನ ಉಳ್ಸೋಕೆ ಹೇಳಿದ್ದಮ್ಮ. ಹುಟ್ಟಿದಾಗಿಂದ ನಾನು ಆಡದ ಸುಳ್ಳು."

"ಗೊತ್ತು ಮಾವ."

"ಗೊತ್ತಿದ್ದೂ ಕಲ್ಲು ಹಾಕಿದೆ."

ಅವಳು ಮಗಳನ್ನೆತ್ತಿಕೊಂಡು ಹೊರಗೆ ನಡೆದಳು. ಬಾವಿಕಟ್ಟೆಯ ಹತ್ತಿರ ಗಂಡನನ್ನು ಹಿಡಿದು ಸಿಟ್ಟೆಲ್ಲ ಕಾರಿದಳು. "ನೀವು ಬಾಯಿ ಬಿಟ್ಟಿದ್ರೆ ನಾನ್ಯಾಕೆ ಬಿಡ್ಬೇಕಿತ್ತು? ಒಂದು ತಲೆ ಆಡಿಸ್ಲಿಲ್ಲ, ಇಲ್ಲ ಅನ್ಲೂ ಇಲ್ಲ. ಈಗ ಕೆಲ್ಸ ಹೋಯ್ತು. ಎಲ್ಲಾ ನನ್ನಿಂದ ಅಂತಾರೆ ನಿಮ್ಮಮ್ಮ."

"ಅಂತಾರೆ" ಎಂದ ನಿರಂಜನ. ಒಂದು ಕೊಡ ನೀರು ಸೇದಿ ತಲೆಯ ಮೇಲೆ ಸುರಿದುಕೊಂಡ. ಎರಡನೆಯದನ್ನು ಸೇದುತ್ತ, "ನೀನು ಹೇಳಿದ್ದು ಸರಿಯಾಗಿತ್ತು ಕಣೇ. ನಂಗೆ ಹಂಗೆ ಹೇಳೋಕೆ ಬರ್ತಿರ್ಲಿಲ್ಲ" ಎಂದ.

"ಸರಿ ತಗೊಂಡು ಏನು ಮಾಡ್ಲಿ? ಒಲೆಗೆ ಇಡ್ಲಾ?"

ಪೂಜೆಯಾಯಿತು. ಮಂಗಳಾರತಿಗೆ ಉಳಿದಿದ್ದವರು ನಾಲ್ಕೈದು ಜನ, ಅವರಲ್ಲಿ ಸುಭದ್ರಮ್ಮನೂ ಒಬ್ಬರು. ತೀರ್ಥಕ್ಕೆ ಅಂಗೈ ಒಡ್ಡಿ ನಿಂತು, ಉದ್ಧರಣೆ ಹಿಡಿದ ತೋಳನ್ನೇ ದಿಟ್ಟಿಸಿದರು.

"ಅದು ನಿಜವಾಗ್ಲೂ ಬೆಂಕಿ ಉಗುಳುತ್ತೇನೋ?"

"ಇಲ್ಲಮ್ಮ. ಚೀನಾದವರ ಡ್ರ್ಯಾಗನ್ ಮಳೆ ತರೋದು."

"ಹಂಗಾದ್ರೆ ಹೋದ್ವರ್ಷ ನಮ್ಮ ಬಾವಿ ಬತ್ತಿದಾಗ ಎಲ್ಲಿ ಮಲಗಿತ್ತು?" ಎಂದರು. ಮೂರು ಸಲ ತೀರ್ಥ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಮೆಟ್ಟಿಲು ಇಳಿಯುತ್ತ ತಿರುಗಿ, "ಬುಧವಾರ ಮೊಮ್ಮಗನ ಹುಟ್ಟುಹಬ್ಬ. ಅರ್ಚನೆ ಇದೆ, ಬೇಗ ಬಾಗ್ಲು ತೆಗಿ" ಎಂದರು.

"ಆಗ್ಲಿ ಅಮ್ಮ" ಎಂದ ನಿರಂಜನ.

ಆಗಲಿ ಅಂತೆ! ತೀರ್ಥಕ್ಕೆ ಈ ಕೈ ಬೇಕು, ಮೊಮ್ಮಗನಿಗೂ ಈ ಕೈ ಬೇಕು, ಯುಗಾದಿಯ ಮಾರನೇ ದಿನ ಬೇಡ. ಕವನಾಳಿಗೆ ಆ ಹೆಂಗಸಿನ ಮೇಲೆ, ಮಾವನ ಮೇಲೆ, ಗಂಡನ ಮೇಲೆ, ತನ್ನ ನಾಲಿಗೆಯ ಮೇಲೆ ಒಟ್ಟಿಗೇ ಸಿಟ್ಟು ಬಂತು. ಯಾರ ಮೇಲೆ ಮೊದಲು ತೀರಿಸಿಕೊಳ್ಳುವುದೆಂದು ತಿಳಿಯದೆ, ಅತ್ತು ಸುಸ್ತಾಗಿ ನಿದ್ದೆಹೋಗಿದ್ದ ಮಗಳನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು, ಮಾವನಿಗೆ ಆಟೋ ಕರೆಯಲು ಬಿಸಿಲಿಗೆ ಇಳಿದಳು.